ಕಿರೀಟದ ಕೆಳಗಿನ ತಲೆ

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಈಗಲೂ ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ಸ್ಟಾಪಿನಲ್ಲಿರುತ್ತದೆ. ಆದರೆ ಗುರುತು ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರು ಇಡೀ ಕತ್ರಿಗುಪ್ಪೆಯಲ್ಲೇ ಇಲ್ಲ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಈ ನಂಬಿಕೆ ಬಂದದ್ದು ನಮ್ಮ ಹಿಟ್ಟಿನ ಗಿರಣಿಯಿಂದ. ಬೆಳಗ್ಗೆ ಜನ ರಾಗಿಯದೋ ಗೋಧಿಯದೋ ಡಬ್ಬ ಇಟ್ಟು ಹೋಗುತ್ತಾರೆ, ಸಂಜೆ ಬಂದು ಒಯ್ಯುತ್ತಾರೆ. ಯಾವ ಡಬ್ಬ ಯಾರದು ಎಂದು ಚೀಟಿ ಅಂಟಿಸುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲ ನನ್ನ ತಲೆಯಲ್ಲೇ. ಮುಚ್ಚಳ ನೆಗ್ಗಿದ್ದು ಮೇಷ್ಟರ ಮನೆಯದು, ಹಿಡಿಗೆ ದಾರ ಸುತ್ತಿದ್ದು ಬಳೆ ಅಂಗಡಿಯವರದು, ಹೀಗೆ. ಒಂದು ಸಲ ಲಾಲ್‌ಬಾಗಿನಲ್ಲಿ ಒಬ್ಬ ಹೆಂಗಸು ಎದುರು ನಿಂತು, "ಏನಕ್ಕ, ಚೆನ್ನಾಗಿದೀರಾ?" ಎಂದಳು. ಎಷ್ಟು ನೋಡಿದರೂ ಯಾರೆಂದು ಹೊಳೆಯಲಿಲ್ಲ. ಕೊನೆಗೆ ಅವಳೇ, "ಅಕ್ಕ, ನಾನು ನೀಲಿ ಡಬ್ಬ" ಎಂದಳು. "ಅಯ್ಯೋ, ನೀನಾ! ಡಬ್ಬ ಇಲ್ದೆ ಬಂದ್ರೆ ಹೆಂಗೆ ಗೊತ್ತಾಗ್ಬೇಕು?" ಎಂದು ಅವಳನ್ನೇ ಗದರಿಸಿ ಕಳಿಸಿದ್ದೆ.

ಇರಲಿ, ಸಂತೋಷದ ವಿಷಯಕ್ಕೆ ಬರುತ್ತೇನೆ. ಹೇಳದೆ ಇಟ್ಟುಕೊಂಡರೆ ಹೊಟ್ಟೆಯಲ್ಲಿ ನಿಲ್ಲುವ ಸುದ್ದಿಯಲ್ಲ ಇದು. ನನ್ನ ಮೊಮ್ಮಗಳು ತನ್ವಿ ಈ ವರ್ಷ ನರ್ಸರಿಗೆ ಸೇರಿದಳು! ಯಾವ ನರ್ಸರಿ ಅಂತೀರಿ? ಅವಳ ಅಪ್ಪ, ಅಂದರೆ ನನ್ನ ಮಗ ಮಾದು, ಬಗಲಿಗೆ ನೀರಿನ ಬಾಟಲಿ ನೇತುಹಾಕಿಕೊಂಡು ಹೋಗುತ್ತಿದ್ದ ಅದೇ ನರ್ಸರಿ. ನಮ್ಮ ಬೀದಿಯ ಕೊನೆಯಲ್ಲಿ ಅದೇ ಹೆಂಚಿನ ಮನೆ, ಅದೇ ಹಸಿರು ಗೇಟು. ಬೋರ್ಡಿನ ಮೇಲೆ ಉದ್ದನೆಯ ಹೆಸರೊಂದಿದೆ. ನಾವೆಲ್ಲ ಅಂಗಳದ ಮರ ನೋಡಿ ನೇರಳೆ ಮರದ ಸ್ಕೂಲು ಎನ್ನುತ್ತೇವೆ. ಸುತ್ತಲೂ ನಾಲ್ಕು ಮಹಡಿ ಮನೆಗಳೆದ್ದು ನಿಂತಿವೆ, ನಡುವೆ ಈ ಸ್ಕೂಲು ದೊಡ್ಡವರ ಕಾಲಸಂದಿಯಲ್ಲಿ ಸಿಕ್ಕಿಕೊಂಡ ಮಗುವಿನ ಹಾಗೆ ಇಣುಕುತ್ತದೆ.

ನನ್ನ ಸೊಸೆ ಸಹನಾಗೆ ಮಗುವನ್ನು ಕೋಣನಕುಂಟೆ ಕಡೆಯ ಯಾವುದೋ ದೊಡ್ಡ ಸ್ಕೂಲಿಗೆ ಹಾಕುವ ಮನಸ್ಸಿತ್ತು. ಅಲ್ಲಿ ಈಜುಕೊಳ ಇದೆಯಂತೆ, ಕುದುರೆ ಸವಾರಿ ಕಲಿಸುತ್ತಾರಂತೆ. "ಈ ಕೂಸಿಗೆ ಕುದುರೆ ಯಾಕಮ್ಮ, ಯುದ್ಧಕ್ಕೆ ಕಳಿಸ್ತೀಯಾ?" ಎಂದು ನಮ್ಮ ಯಜಮಾನರು ಕೇಳಿದರು. ಸೊಸೆ ಮುಖ ಊದಿಸಿಕೊಂಡಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಕುದುರೆಯೇ ಗೆಲ್ಲುತ್ತಿತ್ತು. ಆಮೇಲೊಂದು ದಿನ ಅವಳು ಬನಶಂಕರಿ ಸಿಗ್ನಲ್ಲಿನಲ್ಲಿ ಆ ಸ್ಕೂಲಿನ ವ್ಯಾನು ಸಿಕ್ಕಿಕೊಂಡು ನಿಂತದ್ದನ್ನೂ ಒಳಗೆ ಪುಟ್ಟ ಪುಟ್ಟ ಮಕ್ಕಳು ಒಂದರ ಮೇಲೊಂದು ತೂಕಡಿಸುತ್ತಿದ್ದುದನ್ನೂ ನೋಡಿಕೊಂಡು ಬಂದು, "ಅತ್ತೆ, ನೇರಳೆ ಮರದ ಸ್ಕೂಲೇ ಸಾಕು" ಎಂದಳು. ಮೊದಲ ದಿನ ಬಿಟ್ಟುಬರಲು ನಾನೇ ಹೋದೆ. ಮಗು ಅಳಲಿಲ್ಲ, ಅತ್ತದ್ದು ನಾನು. ಆ ಸ್ಕೂಲನ್ನು ಶುರುಮಾಡಿದ ವಿಮಲಾ ಮಿಸ್ ಈಗ ಕೋಲೂರಿಕೊಂಡು ಓಡಾಡುತ್ತಾರೆ. ಅವರು ನನ್ನನ್ನು ನೋಡಿ, "ಈ ಅಜ್ಜಿಗೂ ಒಂದು ಬಿಸ್ಕತ್ತು ಕೊಟ್ಟು ಕಳಿಸ್ರಮ್ಮ" ಎಂದು ಆಯಾಗೆ ಹೇಳಿದರು. ಕೊಟ್ಟಳು. ತಿಂದುಕೊಂಡೇ ಮನೆಗೆ ಬಂದೆ.

ಸ್ವಲ್ಪ ದಿನ ಕಳೆದ ಮೇಲೆ ವಿಮಲಾ ಮಿಸ್ ಒಂದು ಸುದ್ದಿ ಹೇಳಿದರು. ಸ್ಕೂಲಿನ ಹಳೆಯ ಫೋಟೋಗಳನ್ನೆಲ್ಲ ಸೇರಿಸಿ ಗೋಡೆಯ ತುಂಬ ತೂಗುಹಾಕುತ್ತಾರಂತೆ. "ನಿಮ್ಮತ್ರ ಇರೋದು ತನ್ನಿ. ಯಾವ ಮಗು ಯಾರು ಅಂತ ಹೆಸರು ಹಾಕೋಣ. ಈಗಿನ ಮಕ್ಕಳು ಅವರಪ್ಪ ಅಮ್ಮನ್ನ ನೋಡ್ಲಿ" ಎಂದರು. ನನಗೆ ಆಮೇಲೆ ಅವರು ಹೇಳಿದ್ದೇನೂ ಕೇಳಿಸಲಿಲ್ಲ. ನನ್ನ ಹತ್ತಿರ ಆ ಸ್ಕೂಲಿನ ಫೋಟೋ ಒಂದಿತ್ತು. ಬರೀ ಸ್ಕೂಲಿನದಲ್ಲ, ಮಾದುವಿನ ಬಾಲ್ಯಕ್ಕೆಲ್ಲ ಸೇರಿ ಇದ್ದದ್ದೇ ಅದೊಂದು ಫೋಟೋ. ಆಗ ನಮಗೆ ಕ್ಯಾಮೆರಾ ಎಲ್ಲಿಂದ ಬರಬೇಕು? ಒಂದು ಸಲ ಎರವಲು ಕ್ಯಾಮೆರಾ ತಂದು ರೀಲೆಲ್ಲ ಖಾಲಿಯಾಗುವಷ್ಟು ತೆಗೆದಿದ್ದೆವು. ನಮ್ಮ ಯಜಮಾನರು ಫೋಟೋ ಹೇಗೆ ಬಂದಿದೆ ನೋಡೋಣ ಎಂದು ಬಿಸಿಲಿನಲ್ಲಿ ಮುಚ್ಚಳ ತೆಗೆದುಬಿಟ್ಟರು. ಅಲ್ಲಿಗೆ ಆ ಕಥೆ ಮುಗಿಯಿತು.

ಇದ್ದೊಂದು ಫೋಟೋ ಕೃಷ್ಣ ಜನ್ಮಾಷ್ಟಮಿಯದು. ನಮ್ಮದು ಶಿವನ ಮನೆ. ಹಣೆಗೆ ವಿಭೂತಿ, ಹರಕೆ ಎಂದರೆ ಮಾದಪ್ಪನ ಬೆಟ್ಟ. ಆದರೆ ಸ್ಕೂಲಿನಲ್ಲಿ ಎಲ್ಲ ಮಕ್ಕಳೂ ವೇಷ ಹಾಕಿಕೊಂಡು ಬರುವಾಗ ನನ್ನ ಮಗನೊಬ್ಬ ಚಡ್ಡಿಯಲ್ಲಿ ಹೋಗುವುದೆಂದರೇನು? ಅಡ್ಜಸ್ಟ್ ಮಾಡಿಕೊಳ್ಳಪ್ಪ ಎಂದು ಶಿವನಿಗೆ ಹೇಳಿ ಮಗನಿಗೆ ನೀಲಿ ಬಳಿದೆ. ತೊಂದರೆಯೊಂದೇ, ಅವನ ಕೂದಲು. ಐದು ತುಂಬಿದ ಮೇಲೆ ಬೆಟ್ಟಕ್ಕೆ ಕರೆತಂದು ಮುಡಿ ಕೊಡಿಸುತ್ತೇವೆ ಎಂದು ಹರಕೆ ಹೊತ್ತಿದ್ದರಿಂದ ಹುಟ್ಟಿದಾಗಿನಿಂದ ಕತ್ತರಿ ಸೋಕಿಸಿರಲಿಲ್ಲ. ನಾಲ್ಕು ವರ್ಷಕ್ಕೆ ಕೂದಲು ಬೆನ್ನಿಗಿಳಿದಿತ್ತು. ದಿನಾ ಎಣ್ಣೆ ಹಚ್ಚಿ ಜಡೆ ಹಾಕಿ ಕಳಿಸುತ್ತಿದ್ದೆ. ಗಿರಣಿಗೆ ಬಂದವರು, "ನಿಮ್ಮ ಮಗಳು ಚೂಟಿ ಕಣ್ರೀ" ಎಂದರೆ ಅವನು ಕೋಪದಿಂದ ಅವರ ಗೋಧಿಗೆ ರಾಗಿ ಬೆರೆಸಲು ಓಡುತ್ತಿದ್ದ. ಆವತ್ತು ಜಡೆಯನ್ನು ಸುತ್ತಿ ಪಿನ್ನು ಚುಚ್ಚಿ, ಮೇಲೆ ಕಿರೀಟ ಕೂರಿಸಿದೆ. ಆ ಕಿರೀಟ ಅಂಗಡಿಯದಲ್ಲ, ನಾನೇ ಮಾಡಿದ್ದು. ಸೋಪಿನ ರಟ್ಟಿಗೆ ಚಿನ್ನದ ಬಣ್ಣದ ಕಾಗದ ಅಂಟಿಸಿ, ನಟ್ಟನಡುವೆ ನನ್ನ ಹಳೆಯ ಸ್ವೆಟರಿನ ದೊಡ್ಡ ಕೆಂಪು ಗುಂಡಿ ಹೊಲಿದಿದ್ದೆ. ಮಧ್ಯಾಹ್ನ ಮಗನನ್ನು ಕರೆತರಲು ಹೋದಾಗ ಮಿಸ್ ಅವನನ್ನು ತೊಳೆದು, ಮಾಮೂಲಿ ಬಟ್ಟೆ ಹಾಕಿ ನಿಲ್ಲಿಸಿದ್ದರು. "ಕಿರೀಟ ಎಲ್ಲೋ?" ಎಂದರೆ, "ಮಿಸ್ ಇಟ್ಕೊಂಡ್ರು" ಎಂದ. ಅಷ್ಟು ಚೆನ್ನಾಗಿ ಮಾಡಿದ್ದೆ, ಇಟ್ಟುಕೊಳ್ಳದೆ ಏನು ಮಾಡುತ್ತಾರೆ ಎಂದು ಹಿಗ್ಗಿದೆ.

ಕೆಲವು ವಾರದ ಮೇಲೆ ಫೋಟೋ ಬಂತು. ಎರಡು ಸಾಲಾಗಿ ಹತ್ತು ಹನ್ನೆರಡು ಕೃಷ್ಣರು, ಅಂಚಿನಲ್ಲಿ ಒಬ್ಬಳೇ ರಾಧೆ. ಹೆಣ್ಣುಮಕ್ಕಳ ತಾಯಂದಿರೂ ಕೃಷ್ಣನನ್ನೇ ಮಾಡಿ ಕಳಿಸಿದ್ದರು. ಯಾರಿಗೂ ಪಕ್ಕದ ಪಾತ್ರ ಬೇಡ. ಎಲ್ಲ ಮುಖವೂ ನೀಲಿ, ಎಲ್ಲ ಮೂತಿಯೂ ಒಂದೇ. ಆದರೆ ನನಗೆ ಚಿಂತೆಯೇ? ಎರಡನೇ ಸಾಲಿನ ನಡುವೆ ಕೆಂಪು ಗುಂಡಿ ಹೊಳೆಯುತ್ತಿತ್ತು. ಬೆರಳಿಟ್ಟೆ, "ಇವನೇ ನಮ್ಮ ಮಾದು!" ಎಂದೆ. ಆಮೇಲೆ ಆ ಕೃಷ್ಣನೊಬ್ಬನನ್ನೇ ಜಯನಗರದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದೆ. ಮೂವತ್ತು ಚಿಲ್ಲರೆ ವರ್ಷದಿಂದ ಮನೆಗೆ ಬಂದವರಿಗೆಲ್ಲ ತೋರಿಸಿದ್ದೇನೆ. ಸೊಸೆಯನ್ನು ನೋಡಲು ಹೋದಾಗಲೂ ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ. ಮಾದುವಿನ ಹುಟ್ಟಿದ ಹಬ್ಬದ ದಿನ ಅವನು ದೃಷ್ಟಿ ತೆಗೆಸಿಕೊಳ್ಳಲು ಕೂರುವುದಿಲ್ಲ. ಫೋಟೋಗೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದೆ.

ಆ ಮೂಲ ಫೋಟೋವನ್ನು ಒರೆಸಿಕೊಂಡು ಮಾರನೆಯ ದಿನವೇ ಸ್ಕೂಲಿಗೆ ಹೋದೆ. ವಿಮಲಾ ಮಿಸ್ ಎದುರಿಗೆ ನನ್ನಷ್ಟೇ ವಯಸ್ಸಿನ ಒಬ್ಬರು ಕೂತಿದ್ದರು. ಹೆಸರು ಸರೋಜಮ್ಮ, ಮೊದಲು ನಮ್ಮ ಕಡೆಯೇ ಇದ್ದು ಈಗ ಜೆ.ಪಿ. ನಗರದಲ್ಲಿದ್ದಾರಂತೆ, ಅವರ ಮಗನೂ ಇಲ್ಲೇ ಓದಿದವನಂತೆ. ನಾನು ಫೋಟೋ ಮೇಜಿನ ಮೇಲಿಟ್ಟದ್ದೇ ತಡ, "ಅಯ್ಯೋ, ನಮ್ಮ ಪ್ರಸಾದೂ! ನೋಡಿ ಮಿಸ್, ನಮ್ಮೋನು!" ಎಂದು ಕೂಗಿಕೊಂಡು ಬೆರಳಿಟ್ಟರು. ಬೆರಳು ನೇರ ನನ್ನ ಕೃಷ್ಣನ ಮೂಗಿನ ಮೇಲೆ.

"ಸ್ವಲ್ಪ ಬೆರಳು ಪಕ್ಕಕ್ಕಿಡಿ. ಅದು ನಮ್ಮೋನು" ಎಂದೆ.

"ಏನ್ರೀ ನಿಮ್ಮೋನು? ಈ ಬಲಗಿವಿ ನೋಡಿ, ಬಾಗಿಲು ತೆಗೆದ ಹಾಗೆ ಮುಂದಕ್ಕೆ ಬಂದಿದೆ. ನಮ್ಮ ಮಾವನೋರ ಕಿವಿ ಇದು. ನಮ್ಮನೇಲಿ ಎಲ್ಲರಿಗೂ ಇದೆ."

"ಕಿವಿ ಯಾರಿಗೆ ಬೇಕ್ರೀ? ಕಿರೀಟ ನೋಡಿ. ಆ ಗುಂಡಿ ನನ್ನ ಸ್ವೆಟರ್ದು."

"ನೀವು ಹೆತ್ತಿದ್ದು ಗುಂಡೀನೇನ್ರೀ?"

ಸರೋಜಮ್ಮ ಮೊಬೈಲು ತೆಗೆದು ಮಗನ ಈಗಿನ ಚಿತ್ರವನ್ನು ಫೋಟೋ ಪಕ್ಕ ಹಿಡಿದರು. ದುಂಡು ಮುಖ, ಕನ್ನಡಕ, ಬೋಳಾಗುತ್ತಿರುವ ತಲೆ. ನನ್ನ ಕೃಷ್ಣನಿಗೂ ಈ ಮನುಷ್ಯನಿಗೂ ಏನೂ ಸಂಬಂಧವಿಲ್ಲ ಎನ್ನುವಷ್ಟರಲ್ಲಿ ಕಿವಿ ಕಂಡಿತು. ಅದೇ ಕಿವಿ. ಅದೇ ತೆಗೆದ ಬಾಗಿಲು. ಮೂವತ್ತು ವರ್ಷ ನಾನು ಒರೆಸಿದ ಗಾಜಿನ ಹಿಂದೆ ಇದ್ದ ಕಿವಿ.

ವಿಮಲಾ ಮಿಸ್ ನಗಲೋ ಬೇಡವೋ ಎನ್ನುವಂತೆ ಕೆಮ್ಮಿದರು. "ಇಬ್ಬರದೂ ಸರಿ ಕಣ್ರಮ್ಮ. ಕಿರೀಟ ಇವರದು, ತಲೆ ನಿಮ್ಮದು. ನಿಮ್ಮ ಪ್ರಸಾದ ಆವತ್ತು ಆಟೋದಲ್ಲಿ ತನ್ನ ಕಿರೀಟದ ಮೇಲೇ ಕೂತು ಅಪ್ಪಚ್ಚಿ ಮಾಡ್ಕೊಂಡು ಬಂದಿದ್ದ. ಒಂದೇ ಸಮ ಅಳ್ತಿದ್ದ. ಇನ್ನೊಂದು ಮಗೂದು ತೆಗೆದು ಅವನಿಗಿಟ್ಟೆ."

"ಹಂಗಾದ್ರೆ ಆ ಇನ್ನೊಂದು ಮಗು ಎಲ್ಲಿ ಮಿಸ್? ನಮ್ಮ ಮಾದು ಎಲ್ಲಿ?"

ಅವರು ಕನ್ನಡಕ ಒರೆಸಿಕೊಂಡು ಫೋಟೋವನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ನೆನಪಾಗ್ತಿಲ್ಲಮ್ಮ. ಎಷ್ಟು ಮಕ್ಕಳು, ಎಷ್ಟು ಕೃಷ್ಣರು."

ನನ್ನ ಮುಖ ನೋಡಿ ಸರೋಜಮ್ಮನಿಗೂ ಅಯ್ಯೋ ಅನ್ನಿಸಿರಬೇಕು, ಪಕ್ಕಕ್ಕೆ ಬಂದು ಕೂತರು. ಪ್ರತಿ ವರ್ಷ ದೃಷ್ಟಿ ತೆಗೆಯುತ್ತಿದ್ದುದನ್ನು ಹೇಳಿದೆ. "ಅದಕ್ಕೇ ನೋಡಿ, ನಮ್ಮ ಪ್ರಸಾದೂಗೆ ಒಂದು ನೆಗಡಿ ಅಂತ ಬಂದಿಲ್ಲ!" ಎಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ, "ಪಾಪ, ನಿಮ್ಮ ಮಗನ ದೃಷ್ಟಿ ಯಾರು ತೆಗೆದ್ರೋ!" ಎಂದರು. ಸಮಾಧಾನ ಮಾಡುವವರು ಅಲ್ಲಿಗೇ ನಿಲ್ಲಿಸಬೇಕು.

ಮನೆಗೆ ಬಂದು ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಿರಣಿಗೆ ಹೋಗಲಿಲ್ಲ. ನೀವು ಕೇಳಬಹುದು, ಮಗನೇ ಕಣ್ಣೆದುರಿಗಿರುವಾಗ ಫೋಟೋ ಯಾಕಮ್ಮ ಎಂದು. ಎದುರಿಗಿರುವ ಮಗನಿಗೆ ಮೀಸೆಯಿದೆ, ತೋಳು ನನ್ನ ಸೊಂಟದಷ್ಟಿದೆ. ನಾನು ಸೊಂಟದ ಮೇಲೆ ಹೊತ್ತು ತಿರುಗಿದ, ಜಡೆ ಹಾಕಿಸಿಕೊಳ್ಳುವಾಗ ಕಿರುಚುತ್ತಿದ್ದ ಆ ಮಾದು ಎಲ್ಲಿದ್ದಾನೆ ಎಂದರೆ ಇದೊಂದು ಫೋಟೋದಲ್ಲಿದ್ದ. ಈಗ ಅಲ್ಲೂ ಇಲ್ಲ ಎಂದರೆ ಎಲ್ಲೂ ಇಲ್ಲ. ಎಲ್ಲ ಮಕ್ಕಳ ಅಪ್ಪಂದಿರೂ ಗೋಡೆಯ ಮೇಲಿರುತ್ತಾರೆ, ನನ್ನ ತನ್ವಿಯ ಅಪ್ಪ ಮಾತ್ರ ಇರುವುದಿಲ್ಲ. ಯಜಮಾನರು ಸಂಜೆ ಗಿರಣಿ ಮುಚ್ಚಿಕೊಂಡು, ತಲೆಯ ಮೇಲೆಲ್ಲ ಹಿಟ್ಟು ಹೊತ್ತುಕೊಂಡು ಬಂದರು. ಕಥೆ ಕೇಳಿ, "ನಿಂಗೆ ಡಬ್ಬ ನೋಡಿ ಅಭ್ಯಾಸ ಕಣೇ. ಡಬ್ಬ ನಿಂದೇ, ಒಳಗಿನ ಹಿಟ್ಟು ಬೇರೇವರದು" ಎಂದರು. ಮೂರು ದಿನ ಮಾತಾಡಿಸಬಾರದು ಎಂದುಕೊಂಡೆ. ಆದರೆ ಅವರ ಭೂತಗನ್ನಡಿ ಬೇಕಾಗಿತ್ತು, ಮಾತಾಡಿಸಿದೆ.

ಭೂತಗನ್ನಡಿಯಲ್ಲಿ ಒಬ್ಬೊಬ್ಬ ಕೃಷ್ಣನನ್ನೂ ನೋಡಿದೆ. ಒಬ್ಬನ ಗಲ್ಲ ಸರಿಯಿಲ್ಲ, ಇನ್ನೊಬ್ಬನಿಗೆ ಮೂಗೇ ಕಾಣದು, ಒಬ್ಬ ಕೊಳಲನ್ನು ಬಾಯಿಗೆ ತುರುಕಿಕೊಂಡು ಕಡಿಯುತ್ತಿದ್ದ. ಅಷ್ಟರಲ್ಲಿ ಮಾದು ಜಿಮ್ಮಿನಿಂದ ಬಂದ. ಅವನದು ಕತ್ರಿಗುಪ್ಪೆ ಮೇನ್ ರೋಡಿನಲ್ಲಿ ಸ್ವಂತ ಜಿಮ್ಮು. ಅಪ್ಪ ಹಿಟ್ಟು ಬೀಸಿದರು, ಮಗ ಜನರನ್ನು ಬೀಸುತ್ತಾನೆ. ಜಿಮ್ಮಿನ ಮೇಲೆ ಅಂಗಿಯಿಲ್ಲದೆ ತೋಳು ಮಡಚಿ ನಿಂತ ಅವನದೇ ದೊಡ್ಡ ಪೋಸ್ಟರಿದೆ. "ಮಾದು, ಇದರಲ್ಲಿ ನೀನು ಯಾರೋ?" ಎಂದೆ. ಅವನು ಫೋಟೋ ನೋಡಲೇ ಇಲ್ಲ. "ಬಿಡಮ್ಮ, ಯಾವುದಾದ್ರೂ ಒಂದು ನಾನು ಅನ್ಕೋ. ಎಲ್ಲಾ ಕೃಷ್ಣಾನೂ ಒಂದೇ" ಎಂದು ಶೂ ಬಿಚ್ಚತೊಡಗಿದ.

ತನ್ವಿ ರಾಗಿ ಮಾಲ್ಟಿನ ಮೀಸೆ ಹೊತ್ತುಕೊಂಡು ಬಂದು ನನ್ನ ತೊಡೆಗೆ ಒರಗಿದಳು. ಫೋಟೋ ನೋಡಿದಳು. ಅಂಚಿನ ಮೇಲೆ ಬೆರಳಿಟ್ಟು, "ಅಜ್ಜೀ, ನಾನಿಲ್ಲಿದೀನಿ" ಎಂದಳು.

"ನೀನಲ್ಲ ಪುಟ್ಟಿ, ಅದು ರಾಧೆ."

"ಅಲ್ಲ, ನಾನೇ. ಲಂಗ ಹಾಕ್ಕೊಂಡಿದೀನಿ."

ನಗುತ್ತ ಭೂತಗನ್ನಡಿಯನ್ನು ರಾಧೆಯ ಮೇಲೆ ಸರಿಸಿದೆ. ಅಷ್ಟು ವರ್ಷದಲ್ಲಿ ಆ ಹುಡುಗಿಯನ್ನು ನಾನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಬೇರೆಯವರ ಮಗಳು ನನಗೇಕೆ? ಅರ್ಧ ಮುಖದ ಮೇಲೆ ಸೆರಗು. ಉಳಿದ ಅರ್ಧ ಮುಖ ತನ್ವಿಯಾಗಿ ನನ್ನ ತೊಡೆಗೆ ಒರಗಿ ನಿಂತಿತ್ತು. ಹೆದರಿದಾಗ ಕೆಳದುಟಿಯನ್ನು ಹಲ್ಲಿನಡಿ ಸಿಕ್ಕಿಸಿಕೊಳ್ಳುವ ಚಾಳಿ, ಒಂದೇ ಹುಬ್ಬು ಮೇಲೇರಿಸುವ ಚಾಳಿ. ಭುಜದ ಮುಂದೆ ಇಳಿದ ಜಡೆ. ಅದು ಚೌರಿಯ ಜಡೆಯಲ್ಲ, ಸ್ವಂತ ಕೂದಲಿನದು.

ತಲೆಯೆತ್ತಿ ಮಗನನ್ನು ನೋಡಿದೆ. ಅವನು ಸೂರು ನೋಡುತ್ತಿದ್ದ. "ಫ್ಯಾನ್ ಸ್ವಲ್ಪ ಸೌಂಡ್ ಮಾಡ್ತಿದೆ ಅಲ್ವಾ?" ಎಂದ. ಫ್ಯಾನು ಹಾಕಿಯೇ ಇರಲಿಲ್ಲ.

"ಮಾದೂ..."

"ಅಷ್ಟುದ್ದ ಜಡೆ ಇದ್ದಿದ್ದು ನಂಗೊಬ್ಬನಿಗೇ ಅಮ್ಮ. ರಾಧೆ ಇಲ್ದೆ ಡ್ಯಾನ್ಸ್ ಆಗಲ್ಲ ಅಂತ ಮಿಸ್ ಮುಖದ ನೀಲಿ ತೊಳೆದು ಲಂಗ ಹಾಕಿಬಿಟ್ರು. ಚಾಕಲೇಟ್ ಕೊಟ್ರು."

"ಹೇಳ್ಬಾರ್ದಿತ್ತೇನೋ?"

"ಫೋಟೋ ಬಂದ ದಿನಾನೇ ಹೇಳಿದ್ದೆ, ಅದು ನಾನಲ್ಲ ಅಂತ. 'ಸುಮ್ನಿರೋ, ನಿಂಗೇನು ಗೊತ್ತು' ಅಂದೆ. ಆಮೇಲೆ ದೊಡ್ಡೋನಾದೆ. ಆಮೇಲೂ ಹೇಳೋಕೆ ನಂಗೇನು ಹುಚ್ಚಾ?"

ಯಜಮಾನರು ನಕ್ಕ ರಭಸಕ್ಕೆ ಅವರ ತಲೆಯ ಹಿಟ್ಟೆಲ್ಲ ಉದುರಿತು. ಸಹನಾ ಅಡುಗೆಮನೆಯಿಂದ ಓಡಿಬಂದು, ಫೋಟೋ ನೋಡಿ, ಗಂಡನನ್ನು ನೋಡಿ, ಮತ್ತೆ ಅಡುಗೆಮನೆಗೆ ಓಡಿದಳು. ಅಲ್ಲಿಂದ ಅವಳ ನಗು ಬಹಳ ಹೊತ್ತು ಕೇಳಿಸುತ್ತಿತ್ತು. ನಾನು ಮಾತ್ರ ಮೊಮ್ಮಗಳನ್ನು ಅಪ್ಪಿಕೊಂಡು ಅಳುತ್ತ ನಗುತ್ತ ಕೂತೆ. ಕಳೆದುಹೋದ ಮಗ ಸಿಕ್ಕಿದ, ಅದೂ ಮೊಮ್ಮಗಳ ಮುಖ ಹೊತ್ತುಕೊಂಡು! ಬೇರೆ ಅಜ್ಜಿಯರಿಗೆ ಇದ್ದರೆ ಒಂದು ಸಂತೋಷ ಇರುತ್ತದೆ, ನನ್ನ ತೊಡೆಯ ಮೇಲೆ ಎರಡು ಕೂತಿದ್ದವು.

ಆದರೆ ಮಾದು ಕೈಮುಗಿದ. "ಅಮ್ಮ, ದಮ್ಮಯ್ಯ, ಗೋಡೆಗೆ ಮಾತ್ರ ಬೇಡ. ಆ ಸ್ಕೂಲಿಗೆ ಮಕ್ಕಳನ್ನ ಬಿಡೋರಲ್ಲಿ ಅರ್ಧ ಜನ ನನ್ನ ಜಿಮ್ಮಿಗೆ ಬರ್ತಾರೆ." ಆ ಪೋಸ್ಟರು ನನ್ನ ಕಣ್ಣಮುಂದೆ ಬಂತು, ಪಕ್ಕದಲ್ಲಿ ಈ ಲಂಗ. ನಿಜಕ್ಕೂ ಪಾಪ ಅನ್ನಿಸಿತು. ಕೊನೆಗೆ ಒಪ್ಪಂದವಾಯಿತು: ಫೋಟೋ ಹಾಕುವುದು, ರಾಧೆಯ ಕೆಳಗೆ ಹೆಸರು ಹಾಕದಿರುವುದು. ನನಗೆ ಗೊತ್ತಿದ್ದರೆ ಸಾಕಲ್ಲವೇ ಎಂದೆ. ಸಾಕಾಗಿರಲಿಲ್ಲ, ಆದರೂ ಎಂದೆ.

ಆ ದಿನ ಬಂತು. ನೇರಳೆ ಮರದಡಿ ಜನವೋ ಜನ. ನಮ್ಮ ಫೋಟೋದ ಸುತ್ತ ಪುಟ್ಟ ಚೀಟಿಗಳು, ಕೆಂಪು ಗುಂಡಿಯ ಕೃಷ್ಣನ ಕೆಳಗೆ ಪ್ರಸಾದ ಎಂದು. ರಾಧೆಯ ಕೆಳಗಿನ ಚೀಟಿ ಖಾಲಿ. ಸರೋಜಮ್ಮ ಅದರೆದುರು ನಿಂತು, "ಈ ಹುಡುಗಿ ಯಾರ ಮನೇದು ರೀ? ಏನು ಲಕ್ಷಣ! ಮದುವೆ ಆಗಿದ್ಯೋ ಇಲ್ವೋ" ಎಂದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಾದು ಬಿಗಿ ಟೀ ಶರ್ಟಿನಲ್ಲಿ, ಜಿಮ್ಮಿನ ಇಬ್ಬರು ಅಪ್ಪಂದಿರ ಜೊತೆ, ಆ ಗೋಡೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಗೋಡೆ ನೋಡುತ್ತಿದ್ದ.

ಒಪ್ಪಂದ ಮಾಡಿಕೊಂಡವರು ನಾವು ದೊಡ್ಡವರು. ತನ್ವಿಗೆ ಯಾರೂ ಹೇಳಿರಲಿಲ್ಲ. ಅವಳು ಗೆಳೆಯನೊಬ್ಬನನ್ನು ಎಳೆದುಕೊಂಡು ಬಂದು, "ಇದು ನಮ್ಮಪ್ಪ" ಎಂದು ರಾಧೆಯನ್ನು ತೋರಿಸಿದಳು. "ಸುಳ್ಳು! ನಿಮ್ಮಪ್ಪಂಗೆ ಮೀಸೆ ಇದೆ" ಎಂದಿತು ಆ ಮಗು. ಸುತ್ತಲಿದ್ದ ಮಕ್ಕಳೆಲ್ಲ "ಸುಳ್ಳು, ಸುಳ್ಳು" ಎಂದು ಶುರುಮಾಡಿದವು. ತನ್ವಿಯ ಕೆಳದುಟಿ ಹಲ್ಲಿನಡಿ ಹೋಯಿತು. ಅವಳು ಹಿಂದಿರುಗಿ ನೋಡಿ, "ಅಪ್ಪಾ, ಸುಳ್ಳಾ?" ಎಂದಳು.

ಎಲ್ಲರೂ ಮಾದುವನ್ನು ನೋಡಿದರು. ಅವನು ಒಂದು ಗಳಿಗೆ ಗೇಟನ್ನು ನೋಡಿದ, ಓಡಿಹೋಗುತ್ತಾನೋ ಎಂದುಕೊಂಡೆ. ಓಡಲಿಲ್ಲ. ಬಂದು ಮಗಳನ್ನು ಎತ್ತಿಕೊಂಡ. "ಸುಳ್ಳಲ್ಲ ಕಂದ. ಅದು ನಾನೇ" ಎಂದ. ಮಿಸ್ ಕೈಯಿಂದ ಪೆನ್ನು ಇಸಿದುಕೊಂಡು ಖಾಲಿ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಮಹದೇವ ಎಂದು ಬರೆದ. ನಾನು ಕೂಡಿಸಿ ಕೂಡಿಸಿ ಓದಿದೆ, ಎರಡು ಸಲ.

"ಗುರುವೇ, ಸಖತ್ತಾಗಿದೀಯ!" ಎಂದು ಜಿಮ್ಮಿನವರಲ್ಲಿ ಒಬ್ಬ ಶಿಳ್ಳೆ ಹಾಕಿದ. "ನಾಳೆಯಿಂದ ನಮಗೆ ಡ್ಯಾನ್ಸೂ ಹೇಳ್ಕೊಡ್ಬೇಕು ಮಾದಣ್ಣ" ಎಂದ ಇನ್ನೊಬ್ಬ. ವಿಮಲಾ ಮಿಸ್ ಕೋಲು ಕುಟ್ಟಿ, "ಹೌದೌದು, ಜಡೆ! ಈಗ ನೆನಪಾಯ್ತು. ಒಂದು ಚಾಕಲೇಟಿಗೆ ಒಪ್ಪಲೇ ಇಲ್ಲ ಇವನು, ಎರಡು ಈಸ್ಕೊಂಡ" ಎಂದರು. ಸರೋಜಮ್ಮ ಹಣೆ ಚಚ್ಚಿಕೊಂಡರು, "ಅಯ್ಯೋ ರಾಮ, ನಾನು ಜಾತಕ ಕೇಳೋದ್ರಲ್ಲಿದ್ದೆ!" ತನ್ವಿ ಅಪ್ಪನ ಹೆಗಲ ಮೇಲಿಂದ ಎಲ್ಲ ಮಕ್ಕಳನ್ನೂ ಒಂದು ಹುಬ್ಬೇರಿಸಿ ನೋಡುತ್ತಿದ್ದಳು. ನನ್ನ ಕಣ್ಣು ತುಂಬಿ ಯಾವ ಮುಖವೂ ಸರಿಯಾಗಿ ಕಾಣಿಸುತ್ತಿರಲಿಲ್ಲ.

ಯಾರೋ ನಮ್ಮನ್ನೆಲ್ಲ ಆ ಗೋಡೆಯ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದರು. ಸಂಜೆ ಅದು ಸಹನಾಳ ಫೋನಿಗೆ ಬಂತು. ನಾನು ಇಸಿದುಕೊಂಡು, ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಈ ಸಲ ಕಿವಿ, ಹುಬ್ಬು, ತುಟಿ ಎಲ್ಲ ಪರೀಕ್ಷೆ ಮಾಡಿ ಒಬ್ಬೊಬ್ಬರನ್ನೇ ಗುರುತು ಹಿಡಿದೆ. ಇವನು ಮಾದು, ಇವಳು ತನ್ವಿ, ಆಕಳಿಸುತ್ತಿರುವವರು ನಮ್ಮ ಯಜಮಾನರು, ಇವರು ಸರೋಜಮ್ಮ. ಒಂದೂ ತಪ್ಪಲಿಲ್ಲ. ಆದರೆ ನಟ್ಟನಡುವೆ ಯಾರೋ ಒಬ್ಬ ದಪ್ಪ ಮುದುಕಿ, ಬಾಯಿ ಅಷ್ಟಗಲ ತೆರೆದುಕೊಂಡು, ಅರ್ಧ ಗೋಡೆಗೆ ಅಡ್ಡ ನಿಂತುಬಿಟ್ಟಿದ್ದಳು. ನನಗೆ ಸಿಟ್ಟು ಬಂತು.

"ಯಾರೇ ಸಹನಾ ಇವಳು, ನಮ್ಮ ಫ್ಯಾಮಿಲಿ ಫೋಟೋದಲ್ಲಿ ಬಂದು ನುಗ್ಗಿದಾಳೆ? ಸಾಲದ್ದಕ್ಕೆ ನನ್ನಂಥದೇ ಸೀರೆ ಬೇರೆ ಉಟ್ಕೊಂಡಿದಾಳೆ" ಎಂದೆ.

ಸಹನಾ ಬಗ್ಗಿ ನೋಡಿದಳು. ಫೋನನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು.

"ಅತ್ತೆ," ಎಂದಳು, "ಬನ್ನಿ, ಮೊದಲು ಒಂದು ಲೋಟ ಕಾಫಿ ಕುಡೀರಿ. ಆಮೇಲೆ ಹೇಳ್ತೀನಿ."